ಮಾವ ಸೊಸೆಯ ಜೋಡಿ ಸೈಕಲ್ಲು

ಮೆಟ್ಟಿಲ ಕೆಳಗಿನ ಆ ಕೋಣೆಗೆ ಕಿಟಕಿ ಇರಲಿಲ್ಲ. ಉದ್ದ ಎಂಟು ಅಡಿ, ಅಗಲ ಆರು. ಯಾರಾದರೂ ಮೆಟ್ಟಿಲಿಳಿದರೆ ತಲೆಯ ಮೇಲೇ ನಡೆದುಹೋದಂತೆ ಕೇಳಿಸುತ್ತಿತ್ತು. ಒಳಗೆ ಒಂದು ಮೇಜು, ಮೂರು ದೀಪ, ಗೋಡೆಯ ತುಂಬ ಬೆಂಕಿಪೊಟ್ಟಣದಷ್ಟು ಚಿಕ್ಕ ಡ್ರಾಯರುಗಳು. ಮೂವತ್ತೆಂಟು ವರ್ಷ ಅಲ್ಲೇ ಕೂತು ಅವರು ಗಡಿಯಾರ ರಿಪೇರಿ ಮಾಡಿದರು. ಬೀದಿಯವರಿಗೆಲ್ಲ ಅವರು ಬರೀ ‘ಗಡಿಯಾರದವರು’. ಕೆಲವರು ಪತ್ರದ ಮೇಲೂ ಹಾಗೇ ಬರೆಯುತ್ತಿದ್ದರು, ಅಂಚೆಯವನು ತಪ್ಪದೆ ತಂದುಕೊಡುತ್ತಿದ್ದ.

ಮಾತು ಕಡಿಮೆಯ ಮನುಷ್ಯ. ಗಿರಾಕಿಗಳು ಕೈಗಡಿಯಾರ ಬಿಚ್ಚಿಕೊಡುತ್ತ ಅದರ ಕಥೆ ಶುರು ಮಾಡಿದರೆ, ಅಪ್ಪ ಕೊಟ್ಟದ್ದು, ನೀರಿಗೆ ಬಿದ್ದದ್ದು, ಮದುವೆಯ ದಿನವೇ ನಿಂತುಹೋದದ್ದು, ಎಲ್ಲವನ್ನೂ ಕಿವಿಗೆ ಹಾಕಿಕೊಳ್ಳುತ್ತಲೇ ಅವರು ಗಡಿಯಾರದ ಬೆನ್ನು ಬಿಚ್ಚುತ್ತಿದ್ದರು. ಕಡೆಗೆ “ಗುರುವಾರ ಬನ್ನಿ” ಎಂದರೆ ಮಾತು ಮುಗಿಯಿತು. ಗುರುವಾರ ಅಂದರೆ ಗುರುವಾರವೇ. ಯಾವ ಗಡಿಯಾರ ಬಂದರೂ ಮೊದಲು ಕಿವಿಗೆ ಹಿಡಿಯುತ್ತಿದ್ದರು, ಆಮೇಲೆ ಕಣ್ಣಿಗೆ. ಟಿಕ್ ಮತ್ತು ಟಕ್ ನಡುವಿನ ಬಿಡುವು ಒಂದೇ ಸಮ ಇಲ್ಲದಿದ್ದರೆ ಗಡಿಯಾರ ಕುಂಟುತ್ತಿದೆ ಎಂದು ಅವರ ಲೆಕ್ಕ. ಅವರ ಹೆಂಡತಿ ನಗೆಯಾಡುವುದಿತ್ತು: ಈ ಮನುಷ್ಯನಿಗೆ ನನ್ನ ಮಂಡಿ ನೋವು ನಾನು ಹೇಳುವ ಮೊದಲೇ ಗೊತ್ತಾಯಿತು, ಅಡುಗೆಮನೆಯಲ್ಲಿ ನನ್ನ ಹೆಜ್ಜೆ ಕೇಳಿ.

ಅರವತ್ತೊಂದನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಡಯಲಿನ ಮೇಲೆ ಸೆಕೆಂಡಿನ ಮುಳ್ಳು ಕಾಣಲಿಲ್ಲ. ಕಳಚಿ ಬಿತ್ತೇನೋ ಎಂದು ಮೇಜಿನ ಮೇಲೆ ಹುಡುಕಲು ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರು. ಮುಳ್ಳು ಅದರ ಪಾಡಿಗೆ ಅದು ಓಡುತ್ತಿತ್ತು. ನೇರ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಹಾಜರು. ಮಸೂರ ಒರೆಸಿದರು, ದೀಪ ಬದಲಿಸಿದರು, ಕಣ್ಣಿಗೆ ತಣ್ಣೀರು ಎರಚಿಕೊಂಡರು. ನಾಲ್ಕು ತಿಂಗಳ ನಂತರ ಯಾರಿಗೂ ಹೇಳದೆ ಒಬ್ಬರೇ ಕಣ್ಣಿನ ಡಾಕ್ಟರ ಬಳಿ ಹೋದರು. ಕಣ್ಣಿನ ನಡುಭಾಗ ಸವೆಯುತ್ತಿದೆ ಎಂದರು ಡಾಕ್ಟರು. ಅಂಚಿನ ನೋಟ ಉಳಿದುಕೊಳ್ಳುತ್ತದೆ, ಪೂರ್ತಿ ಕತ್ತಲಾಗುವುದಿಲ್ಲ, ಆದರೆ ನೇರ ನೋಡಿದ್ದು ಇನ್ನು ಮೇಲೆ ಕಡಿಮೆ ಕಡಿಮೆಯಾಗುತ್ತ ಹೋಗುತ್ತದೆ. ಮನೆಯಲ್ಲಿ ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಸ್ವಲ್ಪ ಮಸುಕು, ವಯಸ್ಸಾಯಿತಲ್ಲ.

ಒಂದು ವರ್ಷ ಬೆರಳು ಮತ್ತು ಕಿವಿಗಳ ಮೇಲೆ ಭಾರ ಹಾಕಿ ಕೆಲಸ ನಡೆಸಿದರು. ಆಮೇಲೆ ಒಂದು ದಿನ, ಇಪ್ಪತ್ತು ವರ್ಷದಿಂದ ಬರುತ್ತಿದ್ದ ದಾದಿಯೊಬ್ಬರು ತಮ್ಮ ಗಡಿಯಾರವನ್ನು ತಂದು ಮೇಜಿನ ಮೇಲಿಟ್ಟರು. ಹಿಂದಿನ ವಾರವಷ್ಟೇ ಸರಿಮಾಡಿಸಿಕೊಂಡು ಹೋದದ್ದು. ಸಮಯ ಸರಿಯಾಗಿಯೇ ತೋರಿಸುತ್ತಿದೆ, ಆದರೆ ಗಾಜಿನ ಒಳಗಡೆ ಏನೋ ಗುರುತಿದೆ ಎಂದರು ಅವರು. ಗಡಿಯಾರದವರು ಪಕ್ಕಕ್ಕೆ ಕಣ್ಣು ಹೊರಳಿಸಿ ನೋಡಿದರು. ಗಾಜಿನೊಳಗೆ, ಡಯಲಿನ ಬಿಳಿಯ ಮೇಲೆ, ತಮ್ಮದೇ ಹೆಬ್ಬೆರಳ ಗುರುತು ಪೂರ್ತಿಯಾಗಿ ಒತ್ತಿತ್ತು. ದೂರುವ ಜಾಯಮಾನ ದಾದಿಯದಲ್ಲ. ಗಡಿಯಾರದವರು ಗಾಜು ತೆಗೆದು ಒರೆಸಿ, ಮುಚ್ಚಿ, ಕೈಗೆ ಕೊಟ್ಟರು. ಆ ವಾರದ ಕೊನೆಗೆ ಬಾಗಿಲು ಹಾಕಿದವರು ಮತ್ತೆ ತೆರೆಯಲಿಲ್ಲ.

ಮನೆ ಎರಡನೆಯ ಮಹಡಿಯಲ್ಲಿತ್ತು. ಬೀದಿ ಕಾಣುವ ಕಿಟಕಿ, ಅದರ ಪಕ್ಕ ಒಂದು ಕುರ್ಚಿ. ಅಲ್ಲಿ ಅವರು ರೇಡಿಯೊ ಹಚ್ಚಿಕೊಂಡು ಕೂರತೊಡಗಿದರು. ಹೊರಗೆ ಹೋಗುವಾಗ ಹೆಂಡತಿ ತೋಳು ಹಿಡಿದರೆ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದರು. ಬಿಡಿಸಿಕೊಂಡ ಮೇಲೆ ಫುಟ್‌ಪಾತಿನ ಅಂಚು ಎಡವುತ್ತಿದ್ದರು. ಹಾಗಾಗಿ ಹೊರಗೆ ಹೋಗುವುದೇ ನಿಂತಿತು.

ಮನೆಯಲ್ಲಿ ಇನ್ನೂ ಮೂವರಿದ್ದರು. ಮಗ ಬೇಕರಿಯಲ್ಲಿ ಕೆಲಸಕ್ಕಿದ್ದ, ನಸುಕಿಗೇ ಹೋಗಿ ಮಧ್ಯಾಹ್ನ ಕೂದಲಿಗೆಲ್ಲ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ. ಸೊಸೆ ಸಿಟಿ ಬಸ್ಸಿನ ಡ್ರೈವರು. ಮೊಮ್ಮಗಳಿಗೆ ಏಳು ವರ್ಷ, ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಎಲ್ಲರೂ ಅವಳನ್ನು ಚಿಟಿಕೆ ಎಂದೇ ಕರೆಯುತ್ತಿದ್ದರು.

ಚಿಟಿಕೆಗೆ ಚಿತ್ರ ಬರೆಯುವ ಹುಚ್ಚು. ಮೊದಲೆಲ್ಲ ಬರೆದ ಕೂಡಲೇ ತಾತನ ಮುಂದೆ ಹಿಡಿಯುತ್ತಿದ್ದಳು. ತಾತ ಚಿತ್ರವನ್ನೋ ಅವಳ ಮುಖವನ್ನೋ ನೋಡಬೇಕೆಂದರೆ ಮುಖವನ್ನು ಆ ಕಡೆ, ಕಿಟಕಿಯ ಕಡೆ ತಿರುಗಿಸಬೇಕಾಗುತ್ತಿತ್ತು. ಹಾಗೆ ತಿರುಗಿಸಿಕೊಂಡು “ಚೆನ್ನಾಗಿದೆ” ಎನ್ನುತ್ತಿದ್ದರು. ಕೆಲವು ವಾರಗಳಲ್ಲಿ ಚಿತ್ರಗಳು ಬರುವುದು ನಿಂತಿತು. ಶಾಲೆ, ಹೊಸ ಗೆಳತಿಯರು, ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡರು ಅವರು. ಅತ್ತ ಚಿಟಿಕೆ ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತ ತಾಯಿಗೆ ಹೇಳಿದ್ದಳು, ತಾತನಿಗೆ ನನ್ನ ಕಂಡರೆ ಆಗುವುದಿಲ್ಲ, ನಾನು ಹೋದ ತಕ್ಷಣ ಮುಖ ತಿರುಗಿಸಿಕೊಳ್ಳುತ್ತಾರೆ ಎಂದು. ಅಳುತ್ತಲೂ ಇರಲಿಲ್ಲ ಮಗು. ನಾಳೆ ಗಣಿತದ ಪೀರಿಯಡ್ ಇದೆ ಎಂಬಷ್ಟು ಸಲೀಸಾಗಿ ಹೇಳಿದ್ದಳು. ತಾಯಿಯ ಬಾಚಣಿಗೆ ಅಲ್ಲೇ ನಿಂತಿತ್ತು.

ಸೊಸೆ ಆ ಮಾತನ್ನು ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡು ಬಸ್ಸು ಓಡಿಸಿದಳು. ಮಾವನನ್ನು ಹೇಗೆ ಕೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಜಗಳವೇನೂ ಇರಲಿಲ್ಲ ಅವರಿಬ್ಬರ ನಡುವೆ. ಎಂಟು ವರ್ಷ ಒಂದೇ ಸೂರಿನಡಿ ಇದ್ದರೂ “ಊಟ ಆಯ್ತಾ ಮಾವ”, “ಆಯ್ತಮ್ಮ” ಎಂಬುದರಾಚೆ ಮಾತು ಬೆಳೆದಿರಲಿಲ್ಲ, ಅಷ್ಟೇ. ಅವಳು ಗಟ್ಟಿ ದನಿಯವಳು, ನಗುವೂ ಗಟ್ಟಿ, ಬಾಗಿಲು ಹಾಕುವುದೂ ಗಟ್ಟಿ. ಅವರೋ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸಿ ಬದುಕಿದವರು. ಎದುರುಬದುರು ಕೂತರೆ ಇಬ್ಬರೂ ತಟ್ಟೆ ನೋಡುತ್ತಿದ್ದರು.

ಅವಳ ಬಸ್ಸಿನ ದಾರಿ ಒಂದು ಕಡೆ ಹಳೆಯ ರೈಲುದಾರಿಯನ್ನು ಅಡ್ಡ ಹಾಯುತ್ತಿತ್ತು. ರೈಲು ನಿಂತು ವರ್ಷಗಳೇ ಆಗಿದ್ದವು. ಹಳಿ ಕಿತ್ತು, ಜಲ್ಲಿ ಬಾಚಿ ತೆಗೆದು, ಗಟ್ಟಿ ಮಣ್ಣು ಹಾಸಿ ಅದನ್ನು ಸೈಕಲ್ ದಾರಿ ಮಾಡಿದ್ದರು. ವಾಹನಗಳಿಗೆ ಪ್ರವೇಶವಿಲ್ಲ. ರಜೆಯ ದಿನ ಅಲ್ಲಿ ಕೆಂಪು ದೀಪಕ್ಕೆ ಬಸ್ಸು ನಿಲ್ಲಿಸಿದಾಗಲೆಲ್ಲ ಮಕ್ಕಳು, ಅಪ್ಪಂದಿರು, ಬುಟ್ಟಿಯಲ್ಲಿ ಕೂತ ನಾಯಿಗಳು ಸಾಲಾಗಿ ದಾಟುತ್ತಿದ್ದವು. ಒಮ್ಮೆ ಒಂದೇ ಸೈಕಲಿನ ಮೇಲೆ ಹಿಂದೆ ಮುಂದೆ ಕೂತು ಇಬ್ಬರೂ ಪೆಡಲ್ ತುಳಿಯುತ್ತಿದ್ದ ವಯಸ್ಸಾದ ಗಂಡಹೆಂಡತಿ ದಾಟಿದರು. ಹಿಂದೆ ಕೂತಾಕೆ ಕಣ್ಣು ಮುಚ್ಚಿಕೊಂಡು, ಬಿಸಿಲಿಗೆ ಮುಖವೊಡ್ಡಿ ತುಳಿಯುತ್ತಿದ್ದಳು. ದೀಪ ಹಸಿರಾದದ್ದು ಸೊಸೆಗೆ ತಿಳಿಯಲೇ ಇಲ್ಲ. ಹಿಂದಿನ ಕಾರಿನವನು ಹಾರ್ನ್ ಮಾಡಿ ಎಬ್ಬಿಸಬೇಕಾಯಿತು.

ಅಂದು ಸಂಜೆ ಅವಳು ಕಿಟಕಿಯ ಬಳಿ ಬಂದು, “ಮಾವ, ಈ ಭಾನುವಾರ ನಿಮಗೆ ಬಿಡುವಿದ್ಯಾ?” ಎಂದು ಕೇಳಿದಳು.

ಅಂಗಡಿ ಮುಚ್ಚಿದ ಮೇಲೆ ಅವರಿಗೆ ಬಿಡುವಲ್ಲದೆ ಬೇರೇನೂ ಇರಲಿಲ್ಲ. ಆದರೂ ಹಾಗೆ ಯಾರೂ ಕೇಳಿರಲಿಲ್ಲ. ಅವರು ರೇಡಿಯೊದ ದನಿ ಕಡಿಮೆ ಮಾಡಿ, ಒಂದು ಕ್ಷಣ ಯೋಚಿಸಿದವರಂತೆ ಮಾಡಿ, ಇದೆ ಎಂದರು.

ವಿಷಯ ಸೈಕಲ್ ಎಂದು ತಿಳಿದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಗನಿಗೆ ಸುತರಾಂ ಇಷ್ಟವಿರಲಿಲ್ಲ, ಬಿದ್ದು ಸೊಂಟ ಮುರಿದುಕೊಂಡರೆ ಯಾರು ನೋಡುವವರು ಎಂದ. ಅತ್ತೆ ಸೊಸೆಯ ಪರವೂ ಅಲ್ಲ, ಮಗನ ಪರವೂ ಅಲ್ಲ. ನನ್ನ ಮಂಡಿ ನನ್ನನ್ನು ಕಾಪಾಡಿತು, ನೀವು ನೀವು ಬಡಿದಾಡಿಕೊಳ್ಳಿ ಎಂದು ಬುತ್ತಿಯ ಡಬ್ಬಿ ಹುಡುಕಲು ಹೋದರು. ಗಡಿಯಾರದವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ಮುಂದೆ ಯಾರು ಕೂರುವುದು? ತಾನು ಎಂದಳು ಸೊಸೆ. ಅವರು ರೇಡಿಯೊದ ಕಡೆ ತಿರುಗಿದರು. ಅದು ಒಪ್ಪಿಗೆಯೋ ಅಂಜಿಕೆಯೋ ಯಾರಿಗೂ ತಿಳಿಯಲಿಲ್ಲ.

ದಾರಿ ಶುರುವಾಗುವಲ್ಲಿ, ಮೊದಲು ಸರಕಿನ ಗೋದಾಮಾಗಿದ್ದ ತಗಡಿನ ಕಟ್ಟಡದಲ್ಲಿ, ಒಬ್ಬ ಹೆಂಗಸು ಸೈಕಲ್ಲುಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಕೈಗೆಲ್ಲ ಗ್ರೀಸು, ಕಿವಿಯ ಮೇಲೆ ಪೆನ್ಸಿಲು. ಆ ಭಾನುವಾರ ಜೋಡಿ ಸೈಕಲನ್ನು ಹೊರಗೆಳೆದು ತಂದು ಅವಳು ಗಡಿಯಾರದವರನ್ನು ಮೇಲಿಂದ ಕೆಳಗೆ ಅಳೆದಳು. ಸೀಟು ಎರಡು ಬೆರಳು ಇಳಿಸಿದಳು.

“ಹಿಂದೆ ಕೂತವರಿಗೆ ಎರಡೇ ಕೆಲಸ ಯಜಮಾನ್ರೇ,” ಎಂದಳು. “ತುಳಿಯೋದು, ಸುಮ್ನಿರೋದು.”

“ಎರಡನೇದು ನಮ್ಮ ಮಾವನಿಗೆ ಮೊದಲಿಂದ್ಲೂ ಬರುತ್ತೆ,” ಎಂದಳು ಸೊಸೆ. ಅಂದಮೇಲೆ ತನ್ನ ಬಾಯಿಗೆ ತಾನೇ ಗಾಬರಿಯಾದಳು. ಗಡಿಯಾರದವರ ಮೀಸೆಯಂಚು ಸ್ವಲ್ಪ ಅಲುಗಿತು.

ಆದರೆ ಸುಮ್ಮನಿರುವುದು ಅಷ್ಟು ಸುಲಭವಿರಲಿಲ್ಲ. ಹಿಂದಿನ ಹ್ಯಾಂಡಲ್ ತಿರುಗುವುದಿಲ್ಲ, ಹಿಡಿದುಕೊಳ್ಳಲಿಕ್ಕಷ್ಟೇ ಇರುವುದು ಎಂದು ಎಷ್ಟು ಹೇಳಿದರೂ ಅವರ ಕೈ ಅದನ್ನು ತಿರುಗಿಸಲು ಹೆಣಗುತ್ತಿತ್ತು. ಸೈಕಲ್ಲು ಎಡಕ್ಕೆ ವಾಲಿದರೆ ಅವರು ಬಲಕ್ಕೆ ವಾಲುತ್ತಿದ್ದರು. ಗೋದಾಮಿನ ಅಂಗಳದಲ್ಲಿ ಎರಡು ಸುತ್ತು ಹೇಗೋ ಆಯಿತು. ಮೂರನೆಯ ಸುತ್ತಿನಲ್ಲಿ ಇಬ್ಬರೂ ಸೈಕಲ್ ಸಮೇತ, ಬಹಳ ನಿಧಾನವಾಗಿ, ಸುಸ್ತಾದ ಎಮ್ಮೆ ಮಲಗುವಂತೆ ಹುಲ್ಲಿನ ಮೇಲೆ ಮಗ್ಗುಲಾದರು. ಮಗ ಓಡಿಬಂದ. ಚಿಟಿಕೆ ತನ್ನ ಪುಟ್ಟ ಸೈಕಲ್ಲಿನ ಮೇಲೆ ಒಂದು ಕಾಲೂರಿ ದೂರದಿಂದಲೇ ನೋಡುತ್ತಿದ್ದಳು.

ಯಾರಿಗೂ ಪೆಟ್ಟಾಗಿರಲಿಲ್ಲ. ಗಡಿಯಾರದವರು ಎದ್ದು, ಮಂಡಿಯ ಹುಲ್ಲು ಕೊಡವಿಕೊಂಡು, ನಡೆ ಮನೆಗೆ ಹೋಗೋಣ ಎಂದರು. ಸೊಸೆ ಸೈಕಲ್ಲನ್ನು ಎತ್ತಿ ನಿಲ್ಲಿಸಿದಳು. ಅವಳಿಗೂ ಮುಖ ಕೆಂಪಾಗಿತ್ತು.

“ಮಾವ, ನನ್ನ ಬಸ್ಸಲ್ಲಿ ದಿನಾ ನೂರಾರು ಜನ ಕೂರ್ತಾರೆ. ನನ್ನ ಹೆಸರೂ ಗೊತ್ತಿಲ್ಲ ಅವರಿಗೆ. ಕೂತು ನಿದ್ದೆ ಮಾಡ್ತಾರೆ. ನೀವು ಎಂಟು ವರ್ಷದಿಂದ ನನ್ನ ನೋಡಿದ್ದೀರ. ಒಂದು ಸಲ ಹ್ಯಾಂಡಲ್ ಬಿಟ್ಟು ಕೂತ್ಕೊಳ್ಳಿ.”

ಅವರು ಕೈಯಿಂದ ಹಿಂದಿನ ಸೀಟನ್ನು ತಡವಿ ಹುಡುಕಿದರು. ಆಮೇಲೆ ಮತ್ತೆ ಹತ್ತಿದರು.

ಹ್ಯಾಂಡಲ್ ಬಿಡಲಿಲ್ಲ, ಆದರೆ ಹಿಡಿತ ಸಡಿಲವಾಯಿತು. ಅಂಗಳ ದಾಟಿ ಸೈಕಲ್ಲು ದಾರಿಗೆ ಬಿತ್ತು. ಎರಡೂ ಕಡೆ ಪೊದೆಗಳು, ಮಧ್ಯದಲ್ಲಿ ಗೆರೆ ಎಳೆದಂಥ ದಾರಿ. ರೈಲು ಓಡಿದ ಜಾಗವಾದ್ದರಿಂದ ಏರು ಇಲ್ಲ, ಇಳಿಜಾರು ಇಲ್ಲ, ತಿರುವು ಬಂದರೂ ಬಂದದ್ದೇ ಗೊತ್ತಾಗದಷ್ಟು ಮೆಲ್ಲಗೆ ಬರುತ್ತಿತ್ತು. ಚಿಟಿಕೆ ಮತ್ತು ಅವಳ ಅಪ್ಪ ತಮ್ಮ ತಮ್ಮ ಸೈಕಲ್ಲಿನಲ್ಲಿ ಮುಂದೆ ಹೋದರು. ಮಾವ ಸೊಸೆ ಹಿಂದೆ. ಅರ್ಧ ಮೈಲಿಯಾದ ಮೇಲೆ ಅವರು ಬಾಯಿ ಬಿಟ್ಟರು.

“ನಿನ್ನ ಬಲಗಾಲು ಅವಸರ ಮಾಡ್ತಿದೆ.”

“ಏನು ಮಾವ?”

“ಎಡಗಾಲು ಸರಿ ಇದೆ. ಬಲಗಾಲು ಮುಂಚೆ ಬರುತ್ತೆ. ಚೈನು ಕುಂಟ್ತಾ ಇದೆ, ಕೇಳು.”

ಸೊಸೆ ಕಿವಿಗೊಟ್ಟಳು. ಅವಳಿಗೇನೂ ಕೇಳಿಸಲಿಲ್ಲ. ಆದರೆ ಹನ್ನೆರಡು ವರ್ಷದಿಂದ ಬಸ್ಸಿನ ಬ್ರೇಕು, ಆಕ್ಸಿಲರೇಟರು ಎರಡನ್ನೂ ತುಳಿದ ಕಾಲು ಅದು, ಇರಬಹುದು ಎಂದುಕೊಂಡು ಬಲಗಾಲನ್ನು ಹಗುರ ಮಾಡಿದಳು. ಸ್ವಲ್ಪ ದೂರ ಹೋದಮೇಲೆ ಸೈಕಲ್ಲು ತಾನಾಗಿ ಹೋಗುತ್ತಿರುವಂತಾಯಿತು. ಹಿಂದಿನಿಂದ “ಹಾಂ” ಎಂಬ ಸದ್ದು ಬಂತು. ಗಿರಾಕಿಗೆ ಗಡಿಯಾರ ವಾಪಸು ಕೊಡುವಾಗಿನ “ಹಾಂ” ಅದು. ಅವಳು ಅದನ್ನು ಹಿಂದೆಂದೂ ಕೇಳಿರಲಿಲ್ಲ.

ದಾರಿಯಲ್ಲಿ ಏನೇನಿದೆ ಹೇಳು ಎಂದು ಅವರು ಕೇಳಿದರು. ವರ್ಣನೆ ಅವಳ ಕೈಲಾಗುವ ಕೆಲಸವಲ್ಲ. ಮರ ಇದೆ ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಮರ ಇದೆ ಎಂದಳು. ಆಮೇಲೆ ಅಭ್ಯಾಸಬಲದಿಂದ, ನಿಲ್ದಾಣ ಕೂಗುವಂತೆ, “ಮುಂದೆ ಸೇತುವೆ, ಸೇತುವೆ” ಎಂದು ಕೂಗಿಬಿಟ್ಟಳು. ಎದುರಿಗೆ ಬರುತ್ತಿದ್ದ ಸಂಸಾರವೊಂದು ಬೆಚ್ಚಿ ಬದಿಗೆ ಸರಿಯಿತು. ಗಡಿಯಾರದವರು ನಕ್ಕರು. ಅವರ ಹೊಟ್ಟೆ ಕುಲುಕಿದ್ದು ಸೈಕಲ್ಲಿನ ಕಬ್ಬಿಣದ ಮೂಲಕ ಅವಳ ಸೀಟಿಗೂ ತಲುಪಿತು.

ನಿಜ ಹೇಳಬೇಕೆಂದರೆ ಅವಳು ಹೇಳಬೇಕಾದ ಅಗತ್ಯವೂ ಅಷ್ಟಿರಲಿಲ್ಲ. ನೇರ ಎದುರಿಗೆ ಕಾಣುವ ಮಸುಕಿನಲ್ಲಿ ಸೊಸೆಯ ಬೆನ್ನಲ್ಲದೆ ಬೇರೇನೂ ಇರಲಿಲ್ಲ. ಹಿಂದೆ ಕೂತವರು ಯಾರೇ ಆಗಲಿ ನೋಡುವುದು ಎಡಬಲವನ್ನೇ. ಆ ಎಡಬಲ ಅವರಿಗೆ ಸ್ಪಷ್ಟವಾಗಿತ್ತು. ಪೊದೆಯ ಹಳದಿ ಹೂ ಹಾಯ್ದುಹೋಗುವುದು, ಬೇಲಿಯ ಕಂಬಗಳು, ದಾರಿಯಂಚಿನಲ್ಲಿ ಕೊಳೆಯುತ್ತ ಬಿದ್ದ ಹಿಂದೆ ಹಳಿಯ ಕೆಳಗೆ ಹಾಸಿದ್ದ ಮರದ ದಿಮ್ಮಿಗಳು, ಎಲ್ಲ ಕಂಡವು. ಎರಡು ವರ್ಷದಿಂದ ಅವರು ಇಷ್ಟನ್ನು ಒಟ್ಟಿಗೆ ನೋಡಿರಲಿಲ್ಲ.

ಸೇತುವೆ ಹತ್ತಿರ ಬಂತು. ಕೆಳಗೆ ಹೊಳೆ, ಮೇಲೆ ಹಲಗೆ ಹಾಸಿದ ದಾರಿ. ಸೊಸೆ ಮೂರು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅಲ್ಲಿ ಹೊರಗೆ ಹಾಕಿದಳು. ಎದುರುಬದುರು ಕೂತಿದ್ದರೆ ಕೇಳುತ್ತಿದ್ದಳೋ ಇಲ್ಲವೋ. ಮುಖ ಕಾಣದ್ದರಿಂದ ಧೈರ್ಯ ಬಂತು.

“ಮಾವ, ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಚಿಟಿಕೆ ಹತ್ರ ಬಂದ್ರೆ ನೀವು ಯಾಕೆ ಮುಖ ತಿರುಗಿಸ್ಕೋತೀರ?”

ಅವರ ಕಾಲು ನಿಂತಿತು. ಸೈಕಲ್ಲು ಒಮ್ಮೆಗೇ ಭಾರವಾಯಿತು. ಸೊಸೆ ಒಬ್ಬಳೇ ತುಳಿಯುತ್ತ ಸೇತುವೆಯ ಮುಕ್ಕಾಲು ದಾಟಿದಳು. ಹಲಗೆಗಳು ಚಕ್ರದಡಿ ಒಂದೊಂದಾಗಿ ಸದ್ದು ಮಾಡಿದವು. ಬೈಯುತ್ತಾರೆ ಎಂದುಕೊಂಡಳು. ಇಲ್ಲವೇ ಇಳಿಸು ಎನ್ನುತ್ತಾರೆ.

ಅವರು ಹೇಳತೊಡಗಿದರು. ಅವಳ ಬೆನ್ನಿಗೆ ಹೇಳಿದರು. ಮಾಯವಾದ ಮುಳ್ಳಿನಿಂದ ಶುರುಮಾಡಿ, ಡಾಕ್ಟರು ಹೇಳಿದ್ದು, ಮನೆಯಲ್ಲಿ ಹೇಳದೆ ಇದ್ದದ್ದು, ದಾದಿಯ ಗಡಿಯಾರದೊಳಗಿನ ಹೆಬ್ಬೆರಳ ಗುರುತು, ಎಲ್ಲ. ನೇರ ನೋಡಿದರೆ ಯಾರ ಮುಖವೂ ಇರುವುದಿಲ್ಲ ಎಂದರು. ಬೂದು ಬಣ್ಣದ ಒಂದು ಬೆರಳೊತ್ತು ಅಷ್ಟೇ ಇರುತ್ತದೆ. ಮಗುವಿನ ಮುಖ ಬೇಕೆಂದರೆ ಅದರ ಪಕ್ಕದ ಕಿಟಕಿ ನೋಡಬೇಕು. ಅದಕ್ಕೇ ತಿರುಗಿಸುತ್ತಿದ್ದೆ. ಅವಳನ್ನು ನೋಡಲಿಕ್ಕೇ ತಿರುಗಿಸುತ್ತಿದ್ದೆ. ಇಷ್ಟು ಮಾತು ಅವರು ಒಟ್ಟಿಗೆ ಆಡಿದ್ದು ಹೆಂಡತಿಗೂ ಕೇಳಿ ಗೊತ್ತಿರಲಿಲ್ಲ.

ಸೊಸೆ ಮುಂದೆ ನೋಡುತ್ತ ತುಳಿಯುತ್ತಲೇ ಇದ್ದಳು. ಡ್ರೈವರಾದವಳು ಕಣ್ಣು ಒರೆಸಿಕೊಳ್ಳಲಿಕ್ಕೂ ಕೈ ಬಿಡುವಂತಿಲ್ಲವಲ್ಲ.

“ಅವಳಿಗೆ ಬೇರೆ ಥರ ಅನ್ಸಿದೆ ಮಾವ,” ಎಂದಳು ಕೊನೆಗೆ. ಮಗು ಹೇಳಿದ್ದನ್ನು ಹೇಳಿದಳು. ಅವರ ಕಾಲು ಮತ್ತೆ ತುಳಿಯತೊಡಗಿತು, ಈ ಸಲ ಎರಡೂ ಕಾಲು ಅವಸರ ಮಾಡುತ್ತಿದ್ದವು. ಸೈಕಲ್ಲು ಅಪ್ಪ ಮಗಳ ಬೆನ್ನು ಹಿಡಿಯುವಷ್ಟು ಜೋರಾಗಿ ಓಡಿತು.

ಆರನೆಯ ಮೈಲಿಗೆ ಹಳೆಯ ನಿಲ್ದಾಣ. ಕಟ್ಟಡದ ಬಾಗಿಲಿಗೆ ಹಲಗೆ ಹೊಡೆದಿದ್ದರು, ಆದರೆ ಪ್ಲಾಟ್‌ಫಾರ್ಮು ಹಾಗೇ ಇತ್ತು, ಅದರ ಮೇಲೆ ಕಬ್ಬಿಣದ ಕಾಲಿನ ಮೂರು ಬೆಂಚು. ಬಂದವರೆಲ್ಲ ಅಲ್ಲಿ ಇಳಿದು ಬುತ್ತಿ ಬಿಚ್ಚುತ್ತಿದ್ದರು. ಮಗ ಬೇಕರಿಯ ಬ್ರೆಡ್ಡನ್ನು ಕತ್ತರಿಸುತ್ತ ಕೂತ. ಸೊಸೆ ಅವನ ತೋಳು ಹಿಡಿದು ಎಬ್ಬಿಸಿ, ನೀರು ತುಂಬಿಕೊಂಡು ಬರೋಣ ಎಂದು ಕರೆದೊಯ್ದಳು. ಬಾಟಲಿ ತುಂಬಿಯೇ ಇದೆಯಲ್ಲ ಎಂದು ಅವನು ಹೇಳುತ್ತಿದ್ದ. ಆಮೇಲೆ ಅವಳು ಅವನಿಗೆ ಏನು ಹೇಳಿದಳೋ, ಅವನು ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ಇತ್ತ ತಾತ ಮೊಮ್ಮಗಳು ಒಂದೇ ಬೆಂಚಿನ ಎರಡು ತುದಿಗೆ. ಚಿಟಿಕೆ ಬೂಟಿನ ತುದಿಯಿಂದ ಪ್ಲಾಟ್‌ಫಾರ್ಮಿನ ಬಿರುಕನ್ನು ಕೆದಕುತ್ತಿದ್ದಳು.

“ಮಗೂ, ನಿನ್ನ ಎದುರಿಗೆ ಬಂದು ನಿಲ್ತೀಯಾ?” ಎಂದರು ಅವರು. ಅವಸರಕ್ಕೆ ಮಾತು ತಪ್ಪಾಯಿತು, ಸರಿಮಾಡಿಕೊಂಡರು. “ನನ್ನ ಎದುರಿಗೆ.”

ಅವಳು ಬಂದು ನಿಂತಳು, ಎರಡು ಹೆಜ್ಜೆ ದೂರ.

“ಈಗ ನಾನು ನಿನ್ನ ಮುಖಾನೇ ನೋಡ್ತಿದ್ದೀನಿ. ನನಗೆ ಏನೂ ಕಾಣ್ತಿಲ್ಲ. ನನ್ನ ಕಣ್ಣಿನ ಮಧ್ಯ ಸವೆದುಹೋಗಿದೆ, ನಿನ್ನ ರಬ್ಬರ್ ಸವೆಯುತ್ತಲ್ಲ ಹಾಗೆ. ಅಂಚು ಮಾತ್ರ ಉಳಿದಿದೆ. ಈಗ ನೋಡು, ಆ ಕಂಬ ನೋಡ್ತೀನಿ.” ಅವರು ಮುಖವನ್ನು ನಿಲ್ದಾಣದ ದೀಪದ ಕಂಬದ ಕಡೆ ತಿರುಗಿಸಿದರು. “ಈಗ ನೀನು ಬಂದೆ.”

ಚಿಟಿಕೆ ಕಂಬವನ್ನು ನೋಡಿದಳು, ತಾತನನ್ನು ನೋಡಿದಳು. ದೊಡ್ಡವರು ಹೇಳಿದ್ದನ್ನೆಲ್ಲ ನಂಬುವ ಮಗುವಲ್ಲ ಅದು. ಬೆರಳೆತ್ತಿ ಎಷ್ಟು ಎಂದು ಕೇಳಿದಳು. ಮೂರು ಎಂದರು. ಬೆರಳು ಬದಲಿಸಿದಳು. ಒಂದು ಎಂದರು. ತಲೆಯ ಮೇಲೆ ಕೈಯಿಟ್ಟು ಕಿವಿ ಮಾಡಿದಳು. ಮೊಲ ಎಂದರು. ಎಲ್ಲ ಸರಿಯಾಗುತ್ತ ಹೋದಂತೆ ಅವಳು ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ಕೊನೆಗೆ ಅವರ ಮಂಡಿಗೆ ಒತ್ತಿ ನಿಂತು ಹಲ್ಲು ಕಿಸಿದಳು.

ಅವರು ಕಂಬವನ್ನೇ ನೋಡುತ್ತ ಕೇಳಿದರು.

“ಮುಂದಿನ ಹಲ್ಲು ಯಾವಾಗ ಬಿತ್ತು?”

“ಹೋದ ತಿಂಗಳು. ಎಲ್ರಿಗೂ ತೋರಿಸ್ದೆ. ನಿನಗೆ ಮಾತ್ರ ತೋರಿಸ್ಲಿಲ್ಲ.”

“ಈಗ ನೋಡ್ದೆ,” ಎಂದರು ಅವರು. ಚಿಟಿಕೆ ಅವರ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು, ಕಂಬದಿಂದ ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿಸಿದಳು. ಯಾವ ಕಡೆ ತಿರುಗಿದರೆ ತಾನು ಚೆನ್ನಾಗಿ ಕಾಣುತ್ತೇನೆ ಎಂದು ಕೇಳಿದಳು. ಎಡಗಡೆ ತಿರುಗಿದರೆ ಚೆನ್ನ ಎಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಅಪ್ಪ ಅಮ್ಮ ವಾಪಸು ಬಂದಾಗ ಬ್ರೆಡ್ಡಿನ ಮೇಲೆ ಇರುವೆ ಹತ್ತಿತ್ತು, ತಾತ ಮೊಮ್ಮಗಳು ಕಂಬಕ್ಕೆ ಮುಖ ಮಾಡಿಕೊಂಡು ಏನೋ ಪಿಸುಗುಟ್ಟುತ್ತಿದ್ದರು.

ಮಗ ಅಪ್ಪನ ಪಕ್ಕ ಕೂತ. ಇರುವೆ ಕೊಡವಿ, ಬ್ರೆಡ್ಡಿನ ಗಟ್ಟಿ ಅಂಚು ತೆಗೆದು, ಮೆತ್ತಗಿನ ಭಾಗವನ್ನು ಅವರ ಕೈಗಿಟ್ಟ. ಗಡಿಯಾರದವರಿಗೆ ಗಟ್ಟಿ ಅಂಚೇ ಇಷ್ಟ. ಆದರೂ ತಿಂದರು.

ಮರಳುವಾಗ ಚಿಟಿಕೆ ಮುಂದೆ ಓಡಲಿಲ್ಲ. ಜೋಡಿ ಸೈಕಲಿನ ಪಕ್ಕಕ್ಕೇ ತನ್ನ ಪುಟ್ಟ ಸೈಕಲನ್ನು ತಂದುಕೊಂಡು, ಈಗ ಕಾಣ್ತಿದ್ದೀನಾ, ಈಗ ಕಾಣ್ತಿದ್ದೀನಾ ಎಂದು ಆರು ಮೈಲಿಯೂ ಕೇಳಿದಳು. ಅವರು ಆರು ಮೈಲಿಯೂ ಉತ್ತರಿಸಿದರು. ಪಾಪ, ಮುಂದಿದ್ದ ಸೊಸೆಯ ಬಾಯಿಗೆ ಅಂದು ಕೆಲಸವೇ ಇರಲಿಲ್ಲ.

ಮನೆ ತಲುಪಿದಾಗ ಹೆಂಡತಿ ಬಾಗಿಲು ತೆಗೆದು, ಇಬ್ಬರ ಬಟ್ಟೆಗೂ ಹತ್ತಿದ ಹುಲ್ಲಿನ ಕಲೆ ನೋಡಿ, ಬಿದ್ರಾ ಎಂದು ಕೇಳಿದರು. ಗಡಿಯಾರದವರು ಬೂಟು ಬಿಚ್ಚಲಿಲ್ಲ, ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲ ಬಳಿ ಸ್ಟೂಲೆಳೆದು ಕೂತರು. ಡಾಕ್ಟರು ಎರಡು ವರ್ಷದ ಹಿಂದೆ ಹೇಳಿದ್ದನ್ನು ಅಂದು ಹೇಳಿದರು. ಕೇಳುತ್ತ ಕೇಳುತ್ತ ಆಕೆ ಒಲೆ ಆರಿಸಿದರು. ಕೋಪವೂ ಬಂತು, ಅಳುವೂ ಬಂತು. “ನಾನೇನು ನಿಮ್ಮ ಗಿರಾಕಿನಾ?” ಎಂದು ಒಂದೇ ಮಾತು ಕೇಳಿದರು. ಎರಡು ದಿನ ಆಕೆ ಗಂಡನೊಂದಿಗೆ ಮಾತು ಬಿಟ್ಟಿದ್ದರು. ಮೂರನೆಯ ದಿನ ತೋಳು ಹಿಡಿದು ಬೀದಿಗೆ ಕರೆದುಕೊಂಡು ಹೋದರು, ಈ ಸಲ ಅವರು ಬಿಡಿಸಿಕೊಳ್ಳಲಿಲ್ಲ.

ಕಣ್ಣು ಸುಧಾರಿಸಲಿಲ್ಲ. ಸುಧಾರಿಸುವಂಥದ್ದಲ್ಲ ಅದು. ಮತ್ತೆ ಡಾಕ್ಟರ ಬಳಿ ಹೋದಾಗ ನಾಲ್ಕು ಜನ ಜೊತೆಗಿದ್ದರು, ಎಲ್ಲರೂ ಒಟ್ಟಿಗೆ ಪ್ರಶ್ನೆ ಕೇಳಿ ಡಾಕ್ಟರಿಗೆ ತಲೆ ಚಿಟ್ಟು ಹಿಡಿಯಿತು. ಮೆಟ್ಟಿಲ ಕೆಳಗಿನ ಕೋಣೆಯನ್ನು ಚಪ್ಪಲಿ ಹೊಲಿಯುವವರೊಬ್ಬರು ತೆಗೆದುಕೊಂಡರು. ಚಿಮುಟ, ಮಸೂರ, ಸ್ಕ್ರೂಡ್ರೈವರುಗಳನ್ನು ಪೇಟೆಯ ಇನ್ನೊಂದು ತುದಿಯ ಗಡಿಯಾರದಂಗಡಿಯಾಕೆಗೆ ಕೊಟ್ಟು ಬಂದ ದಿನ ಅವರು ಊಟ ಮಾಡಲಿಲ್ಲ. ಆ ದಿನಕ್ಕೆ ಸೈಕಲ್ಲೂ ಉಪಯೋಗಕ್ಕೆ ಬರಲಿಲ್ಲ, ಸೊಸೆಯ ಮಾತೂ ಬರಲಿಲ್ಲ. ಸುಮ್ಮನೆ ಕಿಟಕಿಯ ಬಳಿ ಕೂತಿದ್ದರು, ಯಾರೂ ಎಬ್ಬಿಸಲಿಲ್ಲ.

ಆದರೆ ಸೊಸೆಗೆ ರಜೆ ಬಿದ್ದ ಭಾನುವಾರಗಳಲ್ಲಿ ಮಾವ ಸೊಸೆ ದಾರಿಗಿಳಿಯುವುದು ರೂಢಿಯಾಯಿತು. ಅವಳು ಡಿಪೋದ ಜಗಳ ಹೇಳುತ್ತಿದ್ದಳು, ಅವರು ಹಳೆಯ ಗಿರಾಕಿಗಳ ಕಥೆ ಹೇಳುತ್ತಿದ್ದರು. ಮೂವತ್ತೆಂಟು ವರ್ಷ ಕಿವಿಗೆ ಹಾಕಿಕೊಂಡ ಕಥೆಗಳು, ಒಂದೂ ಮರೆತಿರಲಿಲ್ಲ. ಮನೆಗೆ ಬಂದರೆ ಮೊದಲಿನಂತೆ ಮಿತವಾಗಿಯೇ ಇರುತ್ತಿದ್ದರು ಇಬ್ಬರೂ, ಹೇಳುವುದೆಲ್ಲ ದಾರಿಯಲ್ಲಿ ಮುಗಿದಿರುತ್ತಿತ್ತು.

ಒಮ್ಮೆ ಸೊಸೆ ಜ್ವರ ಬಂದು ಮಲಗಿದಳು. ಅಪ್ಪನಿಗೆ ನಿರಾಸೆಯಾಗಬಾರದೆಂದು ಮಗ, ತಾನು ಮುಂದೆ ಕೂರುತ್ತೇನೆ ಎಂದ. ಇಬ್ಬರೂ ಉತ್ಸಾಹದಿಂದಲೇ ಹೊರಟರು. ಒಂದು ಗಂಟೆಯೊಳಗೆ ವಾಪಸಾದರು. ಮಗನ ಮುಖ ಗಂಟಿಕ್ಕಿತ್ತು, ಸೀದಾ ಬಚ್ಚಲಿಗೆ ಹೋದ. ಬ್ರೇಕು ಹಾಕಿದರೆ ತಪ್ಪು, ಹಾಕದಿದ್ದರೆ ತಪ್ಪು, ಇಷ್ಟು ಮಾತಾಡುವ ಮನುಷ್ಯನನ್ನು ನಾನು ಜನ್ಮದಲ್ಲೇ ನೋಡಿಲ್ಲ ಎಂದು ಒಳಗಿನಿಂದ ತಾಯಿಗೆ ದೂರು ಹೇಳುತ್ತಿದ್ದ.

ಗಡಿಯಾರದವರು ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತರು. ಅವಳು ಕಂಬಳಿ ಹೊದ್ದು ಮಲಗಿದ್ದಳು. ಅವರು ಅವಳ ಮುಖ ಕಾಣಲೆಂದು ಗೋಡೆಯ ಕಡೆ ತಿರುಗಿದರು.

“ಬೇಗ ಹುಷಾರಾಗಮ್ಮ,” ಎಂದರು. “ಅವನ ಹಿಂದೆ ಕೂತರೆ ನನಗೆ ಏನೂ ಹೇಳ್ಬೇಕು ಅಂತಲೇ ಅನ್ಸಲ್ಲ. ಬರೀ ತಪ್ಪು ಕಾಣುತ್ತೆ.”

ಕಂಬಳಿಯೊಳಗಿಂದ ಆ ಗಟ್ಟಿ ನಗು ಕೆಮ್ಮಿನ ಜೊತೆ ಹೊರಬಂತು. ಅವರು ಹೋಗಿ ಕುಡಿಯಲು ಬಿಸಿನೀರು ತಂದರು, ಒಂದು ಹನಿಯನ್ನೂ ಚೆಲ್ಲದೆ.